ಅಪ್‌ಡೇಟ್: ಕಾರಿಗೆ ಎಲ್‌ಎಸ್‌ಡಿ ಹಾಕಿಸಿದೆ, ರಾಣಿಪುರಂ ಹತ್ತಿಸಿಯೂ ಆಯಿತು

ಯಾವ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಹಿಡಿತ ಕಡಿಮೆ ಇರುವ ಚಕ್ರ ಒಂದೇ ಸುಮ್ನೆ ತಿರುಗದಂತೆ ಎರಡೂ ಚಕ್ರಕ್ಕೆ ಬಲ ಹಂಚುವ ಭಾಗ) ಹಾಕಿಸಲಿ ಅಂತ ಮಳೆಗಾಲಕ್ಕೆ ಮುಂಚೆ ಇಲ್ಲಿ ಕೇಳಿದ್ದೆ, ನೆನಪಿದೆಯಾ? ರೀಮ್ಯಾಪ್ ಮಾಡಿಸಿದ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಿದ) ನನ್ನ ಪೋಲೋ ಕಾರು ತಿರುವಿನಲ್ಲಿ ಒಳಬದಿಯ ಮುಂದಿನ ಚಕ್ರವನ್ನು ಸುಮ್ನೆ ಗಿರಗಿರ ತಿರುಗಿಸುತ್ತಿತ್ತು. ಉಜ್ಜುವ ಪ್ಲೇಟ್‌ಗಳಿರುವ ಪ್ಲೇಟ್ ಟೈಪ್ ಬೇಡ, ಓರೆ ಹಲ್ಲಿನ ಗೇರ್‌ಗಳಿರುವ ಹೆಲಿಕಲ್ ಹಾಕಿಸಿ ಅಂದಿರಿ. ಅದನ್ನೇ ಹಾಕಿಸಿದೆ.

ಕೆಲಸ ಕಾಸರಗೋಡಿನಲ್ಲೇ ಆಯಿತು, ಆದರೆ ಎರಡು ಸಲ! ಮೊದಲ ಮೆಕ್ಯಾನಿಕ್ ಪ್ರಿಲೋಡ್ (ಬೇರಿಂಗ್ ಎಷ್ಟು ಬಿಗಿಯಾಗಿ ಕೂರಬೇಕು ಅನ್ನೋದು) ಅಳೆಯದೆ, ಅದನ್ನು ಹೊಂದಿಸುವ ತೆಳು ಬಿಲ್ಲೆ, ಹಳೇ ಶಿಮ್ಮನ್ನೇ ಕೂರಿಸಿದ್ದರು. 60 ದಾಟಿದರೆ ಕಾಲಡಿಯಲ್ಲಿ ಸಣ್ಣಗೆ ಊಳಿಡುವ ಶಬ್ದ. ಗೇರ್‌ಬಾಕ್ಸ್ ಮತ್ತೆ ಇಳಿಸಿ, ಬೇರೆಯವರ ಕೈಯಲ್ಲಿ ಅಳತೆ ಮಾಡಿಸಿ, ಹೊಸ ಬೇರಿಂಗ್ ಹಾಕಿಸಿದ ಮೇಲೆ ಶಬ್ದ ಹೋಯಿತು. ಆಕ್ಸಲ್ ಸೀಲೂ ಆಗಲೇ ಬದಲಿಸಿದೆ. ಗೇರ್‌ಬಾಕ್ಸ್ ಇಳಿಸಿದ್ದಾಗಲೇ ಕ್ಲಚ್ಚನ್ನೂ ಬದಲಿಸಬಹುದಿತ್ತು, ಬದಲಿಸಲಿಲ್ಲ, ಈಗ ಹೊಟ್ಟೆ ಉರಿಯುತ್ತಿದೆ.

ಮೊನ್ನೆ ಪಾಣತ್ತೂರಿನಿಂದ ರಾಣಿಪುರಂ ಗುಡ್ಡಕ್ಕೆ ಹೋದೆ. ಒದ್ದೆ ರಸ್ತೆ, ಹೇರ್‌ಪಿನ್, ಎರಡನೇ ಗೇರ್. ಮೊದಲು ಆಕ್ಸಿಲರೇಟರ್ ಒತ್ತಿದರೆ ಮೂತಿ ಹೊರಗೆ ಓಡುತ್ತಿತ್ತು. ಈಗ ಒತ್ತಿದಷ್ಟೂ ಒಳಗೇ ಎಳೆಯುತ್ತದೆ. ಟಾರ್ಕ್ (ಚಕ್ರ ತಿರುಗಿಸುವ ಬಲ) ಹಿಡಿತ ಇರುವ ಹೊರಚಕ್ರಕ್ಕೆ ಜಾಸ್ತಿ ಹೋಗುತ್ತದೆ ಅಲ್ವಾ, ಅದು ಕೈಗೇ ಗೊತ್ತಾಗುತ್ತದೆ.

ಹೊಂಡದ ರಸ್ತೆಯಲ್ಲಿ ಮಾತ್ರ ಸ್ಟೀರಿಂಗ್ ಎಳೆದಾಡುತ್ತದೆ, ಒಂದು ಕೈಯಲ್ಲಿ ಹಿಡಿಯುವ ಹಾಗಿಲ್ಲ. ಇನ್ನು ನಮ್ಮ ಅಡಿಕೆ ತೋಟದ ಏರಿನಲ್ಲಿ ಒಂದು ಚಕ್ರ ನೆಲ ಬಿಟ್ಟರೆ ಮೊದಲಿನ ಹಾಗೇ ಗಿರಗಿರ. ಹೆಲಿಕಲ್‌ನ ಗುಣವೇ ಅದು. ಬ್ರೇಕ್ ಮೆಲ್ಲ ಒತ್ತಿ ಹಿಡಿದರೆ ನೆಲದ ಮೇಲಿನ ಚಕ್ರಕ್ಕೂ ಬಲ ಹೋಗಿ ಹತ್ತುತ್ತದೆ.