ಚೌಕದೊಳಗೆ ಎಷ್ಟು?

ಗುಂಪು: ಮನೆ ಮಂದಿ

ಅಕ್ಕ: ಪುಟ್ಟನ ಮೂರನೇ ಕ್ಲಾಸಿನ ಹೋಂವರ್ಕ್.
1) 8 + 4 = □ + 5
2) □ − 7 = 15
3) 20 − □ = 6
ಮೊದಲನೇದಕ್ಕೆ 12 ಬರೆದಿದಾನೆ. ಹೇಗೆ ಹೇಳಿಕೊಡೋದು?

ದೊಡ್ಡಪ್ಪ: ಒಂದೇ ಸೂತ್ರ ಸಾಕಮ್ಮ. ಸಂಖ್ಯೆ ಆ ಕಡೆ ಹೋದ್ರೆ ಚಿಹ್ನೆ ಬದಲು. ಪ್ಲಸ್ ಮೈನಸ್ ಆಗುತ್ತೆ, ಮೈನಸ್ ಪ್ಲಸ್. ಬಾಯಿಪಾಠ ಮಾಡಿಸು.

ಅತ್ತೆ: ಅಣ್ಣ, ಮೂರನೇ ಲೆಕ್ಕಕ್ಕೆ ಅದನ್ನ ಹಾಕಿ ನೋಡು. ಮೈನಸ್ ಕಂಡಿತು ಅಂತ ಮಗು 20 + 6 = 26 ಬರೆಯುತ್ತೆ. 20ರಲ್ಲಿ 26 ಕಳೆದ್ರೆ 6 ಬರುತ್ತಾ?

ದೊಡ್ಡಪ್ಪ: ಚೌಕಾನ ಆ ಕಡೆ ಕಳಿಸಿ 6 ಈ ಕಡೆ ತರಬೇಕು. 20 − 6 = 14. ಸೂತ್ರದ ತಪ್ಪಲ್ಲ.

ಅತ್ತೆ: ಎರಡೆರಡು ಸಲ ದಾಟಿಸೋದು ಎಂಟು ವರ್ಷದ ಮಗುಗೆ ಹೊಳೆಯಲ್ಲ. ಇಡೀದು 20, ಒಂದು ಪಾಲು 6, ಇನ್ನೊಂದು ಪಾಲು ಎಷ್ಟು ಅಂತ ಕೇಳು, ತಾನೇ ಹೇಳುತ್ತೆ. ಪುಟ್ಟ 12 ಬರೆದಿದ್ದು ಕೂಡೋಕೆ ಬರದೆ ಅಲ್ಲ, = ಅಂದ್ರೆ 'ಉತ್ತರ ಬರಿ' ಅಂದ್ಕೊಂಡಿದಾನೆ. ಕೆಲವು ಮಕ್ಕಳು ಕಂಡಿದ್ದನ್ನೆಲ್ಲ ಕೂಡಿ 17 ಬರೀತಾರೆ. 1557ರಲ್ಲಿ ರಾಬರ್ಟ್ ರೆಕಾರ್ಡ್ ಅನ್ನೋ ಗಣಿತಜ್ಞ = ಚಿಹ್ನೆಗೆ ಆ ಜೋಡಿ ಗೆರೆ ಆರಿಸಿದ್ದೇ ಅದಕ್ಕಿಂತ ಸರಿಸಮ ಬೇರೆ ಇಲ್ಲ ಅಂತ. ಮೊದಲು ಅದು ತಲೆಗೆ ಹೋಗಬೇಕು.

ಭಾವ: ಈಗ 8 + 4 = 12 − 5 = 7 ಅಂತ ಬರೆದ. ಸರಿ ತಾನೇ ಅತ್ತೆ?

ಅತ್ತೆ: 7 ಸರಿ, ಬರೆದ ರೀತಿ ತಪ್ಪು. ಆ ಸಾಲು ಓದಿದ್ರೆ 8 + 4 ಅಂದ್ರೆ 7 ಅಂತಾಗುತ್ತೆ. 8 + 4 = 12 ಒಂದು ಸಾಲು, 12 − 5 = 7 ಇನ್ನೊಂದು ಸಾಲು ಮಾಡಿಸಿ. ಆಮೇಲೆ ಚೌಕದಲ್ಲಿ 7 ಇಟ್ಟು ಎರಡೂ ಕಡೆ ಬೇರೆ ಬೇರೆ ಕೂಡಿಸಿ: 12, 12.

ತಕ್ಕಡಿ ಇದ್ರೆ ಇನ್ನೂ ಒಳ್ಳೇದು. ಎಡ ತಟ್ಟೇಲಿ 8 ಮತ್ತು 4 ನಾಣ್ಯ. ಬಲ ತಟ್ಟೇಲಿ 5 ನಾಣ್ಯ, ಜೊತೆಗೆ ಒಳಗೆ 7 ನಾಣ್ಯ ಬಚ್ಚಿಟ್ಟ ಬೆಂಕಿಪೊಟ್ಟಣ. ಎಡಗಡೆ ಒಂದು ಖಾಲಿ ಪೊಟ್ಟಣಾನೂ ಇಡಿ, ಇಲ್ಲಾಂದ್ರೆ ಪೊಟ್ಟಣದ ತೂಕಕ್ಕೇ ಬಲ ತಟ್ಟೆ ಕೆಳಗೆ ಹೋಗುತ್ತೆ. ಹುಣಸೆ ಬೀಜ ಬೇಡ, ಒಂದೊಂದು ಒಂದೊಂದು ತೂಕ. ಒಂದು ರೂಪಾಯೀಲೂ ಹಳೇದು ಹೊಸದು ಬೆರೆಸಬೇಡಿ. ಎರಡೂ ಕಡೆಯಿಂದ ಐದೈದು ತೆಗೆದ್ರೆ ಎಡಗಡೆ 7 ಉಳಿಯುತ್ತೆ.

ದೊಡ್ಡಪ್ಪ: ಎರಡನೇ ಲೆಕ್ಕ ಹೇಗೆ ತೂಗ್ತೀಯ? ಕಳೆಯೋದನ್ನ ತಟ್ಟೇಲಿ ಇಡೋಕಾಗಲ್ಲ.

ಅತ್ತೆ: ನಿಜ, ಅದಕ್ಕೆ ತಕ್ಕಡಿ ಬೇಡ. ಡಬ್ಬೀಲಿದ್ದ ಚಕ್ಕುಲೀಲಿ 7 ಖಾಲಿ ಆಗಿ 15 ಉಳಿದಿದೆ, ಮೊದಲು ಎಷ್ಟಿತ್ತು ಅಂತ ಕೇಳು. 7 ವಾಪಸ್ ಹಾಕಿದ್ರೆ 22. ಹೀಗೆ ಕೇಳದಿದ್ರೆ ಮೈನಸ್ ನೋಡಿ 15 − 7 = 8 ಬರೀತಾರೆ.

ದೊಡ್ಡಪ್ಪ: ಮುಂದೆ ಏಳನೇ ಕ್ಲಾಸಿಗೆ ಸೂತ್ರ ಬೇಕೇ ಬೇಕು.

ಅತ್ತೆ: ಬೇಕಣ್ಣ. ಎರಡೂ ಕಡೆ 5 ತೆಗೆದಿದ್ದೇ ಚಿಹ್ನೆ ಬದಲಾದ ಹಾಗೆ ಕಾಣೋದು ಅಂತ ಅಷ್ಟೊತ್ತಿಗೆ ಅವನಿಗೇ ಗೊತ್ತಿರುತ್ತೆ.

ಅಕ್ಕ: ಅತ್ತೆ, ಒಂದೇ ಥರದ ನಾಣ್ಯ 24 ಇಲ್ಲ. 16 ಇದೆ.

ಅತ್ತೆ: ಹಾಗಾದ್ರೆ 5 + 3 = □ + 2 ಮಾಡಿಸೇ. ಆ ಕಡೆ 8, ಈ ಕಡೆ 8. ಪೊಟ್ಟಣದೊಳಗೆ 6 ಹಾಕು, ಅವನಿಗೆ ತೋರಿಸಬೇಡ.