ಬೀದಿಗೇ ಕಾಯಿಲೆ ಬಂದರೆ ಯಾರಿಗೆ ಹೇಳೋದು?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಕ್ರಾಸಲ್ಲಿ ಮೂರು ದಿನದಿಂದ ನಾಲ್ಕು ಮನೆಯವರಿಗೆ ವಾಂತಿ-ಭೇದಿ. ಪಕ್ಕದ ಮನೆ ಅಂಕಲ್ ‘ಪಾಲಿಕೆಯ ಮುಖ್ಯ ಆರೋಗ್ಯಾಧಿಕಾರಿಗೆ ಬರೀರಿ’ ಅಂತಾರೆ. ಅವರು ಯಾವ ಆಸ್ಪತ್ರೇಲಿ ಕೂರ್ತಾರೆ? ಬಂದು ನೋಡ್ತಾರಾ?

ಉತ್ತರ: ಆಸ್ಪತ್ರೇಲಿ ಕೂರಲ್ಲ, ನಾಡಿ ನೋಡೋದೂ ಇಲ್ಲ. ನಾಲ್ಕು ಮನೆಯವರು ನಾಲ್ಕು ಕ್ಲಿನಿಕ್ಕಿಗೆ ಹೋದರೆ ಒಬ್ಬೊಬ್ಬ ಡಾಕ್ಟರಿಗೂ ಕಾಣೋದು ಒಂದೊಂದು ಕೆಟ್ಟ ಹೊಟ್ಟೆ. ನಾಲ್ಕನ್ನೂ ಒಂದೇ ಹಾಳೆ ಮೇಲಿಟ್ಟು ನೋಡೋದು ಅವರ ಕೆಲಸ.

ನೇರ ಅವರಿಗೆ ಬರೀತಾ ಕೂರಬೇಡಿ. ವಾರ್ಡಿನ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇವತ್ತೇ ಹೇಳಿ. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಯಾರಿಗೆ ಯಾವತ್ತು ಶುರುವಾಯ್ತು ಅಂತ ಬರಕೊಳ್ತಾರೆ. ನಲ್ಲಿ ನೀರಿಗೆ ಓಟಿ ಹನಿ ಹಾಕ್ತಾರೆ, ಅದು ಕ್ಲೋರಿನ್ ಪರೀಕ್ಷೆ ಮಾಡೋ ದ್ರಾವಣ. ಹಳದಿ ಬಂದರೆ ಕ್ಲೋರಿನ್ ಇದೆ ಅಂತ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ನಾನು ವಾರ್ಡಿನಲ್ಲಿ ಕೆಲಸ ಮಾಡ್ತಿದ್ದಾಗ ಒಂದು ಬೀದೀಲಿ ಐದನೇ ಮನೆವರೆಗೂ ಹಳದಿ, ಆಮೇಲೆ ಬಣ್ಣವೇ ಇಲ್ಲ. ಅಗೆಸಿ ನೋಡಿದರೆ ಒಬ್ಬರು ಎಳೆದುಕೊಂಡಿದ್ದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಚರಂಡಿಯೊಳಗೇ ಹಾದು ತುಕ್ಕು ಹಿಡಿದು ತೂತಾಗಿತ್ತು. ನೀರು ಬಿಟ್ಟಾಗ ಒತ್ತಡಕ್ಕೆ ಹೊರಗೆ ಸೋರುತ್ತೆ, ಅಷ್ಟೆ. ನಿಂತ ಮೇಲೆ ಪೈಪು ಖಾಲಿ, ಅದೇ ತೂತಿಂದ ಚರಂಡಿ ನೀರು ಒಳಕ್ಕೆ! ದಿನ ಬಿಟ್ಟು ದಿನ ನೀರು ಬರೋ ಕಡೆ ಮೊದಲು ಬಂದ ನೀರನ್ನ ಕುಡಿಯೋಕೆ ಹಿಡೀಬೇಡಿ ಅಂತ ಬಡಕೊಳ್ಳೋದು ಇದಕ್ಕೇ.

ಇನ್ನೊಬ್ಬರು: ಎಲ್ಲಾ ಕೆಳಗಿನವರೇ ಮಾಡಿದರೆ ದೊಡ್ಡ ಸಾಹೇಬರು ಮಾಡೋದೇನು ಮೇಡಂ?

ಉತ್ತರ: ಅಗೆಯೋಕೆ ನನ್ನ ಮಾತಿಗೆ ಯಾರು ಬರ್ತಿದ್ರು ಹೇಳಿ? ನೀರು ಜಲಮಂಡಳಿಯದು, ಚರಂಡಿ ಎಂಜಿನಿಯರ್‌ಗಳದು. ಇಬ್ಬರನ್ನೂ ಒಂದೇ ದಿನ ಒಂದೇ ಬೀದೀಲಿ ನಿಲ್ಲಿಸೋಕೆ ಮೇಲಿನವರ ಫೋನೇ ಬೇಕು. ಖಾಸಗಿ ಆಸ್ಪತ್ರೆ, ಲ್ಯಾಬುಗಳಿಂದ ಕಾಲರಾ, ಡೆಂಗಿ ಲೆಕ್ಕ ತರಿಸೋದೂ ಅವರದೇ ತಲೆನೋವು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟ ನಗರದ ಮನೆಗೆ 400, ಕಟ್ಟಡ ಕಟ್ಟೋ ಜಾಗಕ್ಕೆ 2,000 ರೂಪಾಯಿ ದಂಡ ಇಟ್ಟಿತು. ಡ್ರಮ್ಮಿಗೆ ಮುಚ್ಚಳ ಹಾಕಿ ಅಂದರೂ ಜಗಳಕ್ಕೆ ಬರೋರಿದ್ದಾರೆ, ಇರಲಿ. 2025ರ ಸೆಪ್ಟೆಂಬರಿಂದ ಬೆಂಗಳೂರಿನ ಪಾಲಿಕೆ ಒಡೆದು ಐದಾಗಿದೆ, ನಿಮ್ಮ ಬೀದಿ ಯಾವುದಕ್ಕೆ ಸೇರುತ್ತೆ ಅಂತ ಮೊದಲೇ ತಿಳಕೊಂಡಿರಿ.

ಮೊದಲು ಕೇಳಿದವರು: ಫೋನ್ ಮಾಡಿದೆ ಮೇಡಂ, ಮಧ್ಯಾಹ್ನ ಬರ್ತಾರಂತೆ. ಸಂಪು ತೊಳೆಸಿಬಿಡ್ಲಾ?

ಉತ್ತರ: ಅಯ್ಯೋ, ಈಗಲೇ ಬೇಡ! ಅವರು ಮಾದರಿ ತಗೊಂಡು ಹೋಗಲಿ, ಆಮೇಲೆ ತೊಳೆಸಿ. ಅಲ್ಲಿವರೆಗೆ ಚೆನ್ನಾಗಿ ಕುದಿಸಿದ ನೀರೇ ಕುಡೀರಿ. ಯಾರಿಗಾದರೂ ಮೂತ್ರ ಕಮ್ಮಿಯಾಗಿ ಕಣ್ಣು ಗುಳಿಬಿದ್ದರೆ ಓಆರ್‌ಎಸ್ ಕುಡಿಸ್ತಾನೇ ಆಸ್ಪತ್ರೆಗೆ ಕರಕೊಂಡು ಹೋಗಿ.