ಅಪ್‌ಡೇಟ್: ಟ್ರೈಸೆರಾಟಾಪ್ಸ್ ಕೊನೆಗೂ ಪಳಗಿತು

ಡೈನೋಸಾರ್‌ಗಳನ್ನು ಪಳಗಿಸುವ ಆರ್ಕ್ ಎಂಬ ವಿಡಿಯೊ ಆಟದ ದ್ವೀಪದಲ್ಲಿ ನಾನು ಮಂಪರು ಬಾಣದಿಂದ ಕೆಡವಿದ ಟ್ರೈಸೆರಾಟಾಪ್ಸ್ (ಮೂರು ಕೊಂಬಿನ ಡೈನೋಸಾರ್), ಪಳಗುವ ಮೊದಲೇ ಎದ್ದು ನನ್ನನ್ನೇ ತಿವಿಯುತ್ತದೆ ಎಂದು ಹೋದ ವಾರ ಗೋಳಾಡಿದ್ದೆನಲ್ಲ.

ಅದಕ್ಕೆ ಬಂದ, ಮಂಪರು ಇಳಿಯದಂತೆ ದೊಣ್ಣೆಯಿಂದ ಮತ್ತೆ ಬಡಿಯುವ ಸಲಹೆ ಕೈಕೊಟ್ಟಿತು. ಪೆಟ್ಟು ಬಿದ್ದಷ್ಟೂ ಪಳಗಿಸುವಿಕೆಯ ಗುಣಮಟ್ಟ ಇಳಿಯಿತು. ಗೆದ್ದದ್ದು ಆಟದಲ್ಲಿ ಸಿಗುವ ಮಂಪರು ಹಣ್ಣು ನಾರ್ಕೋಬೆರಿ. ಅದು ತಿಂದು ಪಳಗಲೆಂದು ಮೇಜೋಬೆರಿ ಹಣ್ಣು ತುಂಬಿಸಿಟ್ಟು, ಮಂಪರಿನ ಪಟ್ಟಿ ಅರ್ಧಕ್ಕಿಳಿದಾಗಲೆಲ್ಲ ನಾರ್ಕೋಬೆರಿ ತಿನ್ನಿಸುತ್ತಾ ಕುಳಿತೆ. ಮಡಿಕೇರಿಯ ಮಳೆಗೆ ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಮಾನ ಉಳಿಸಿತು.

ಗೊತ್ತಿರದಿದ್ದ ಸಂಗತಿ: ನಾನು ಎಸೆಯುತ್ತಿದ್ದ ಕೊಳೆತ ಮಾಂಸವೇ ಮಂಪರು ಮದ್ದಿನ ಸರಕು. ಒಂದು ತುಂಡಿಗೆ 5 ನಾರ್ಕೋಬೆರಿ ಸೇರಿಸಿ ಒರಳಿನಲ್ಲಿ ಅರೆದರೆ ನಾರ್ಕೋಟಿಕ್ ಎಂಬ ಇನ್ನೂ ಬಲವಾದ ಮದ್ದು ಸಿಗುತ್ತದೆ.

ಈಗ ನನ್ನ ಟ್ರೈಸೆರಾಟಾಪ್ಸ್ ಪೊದೆಗೆ ಕೊಂಬು ಬೀಸಿದರೆ ಹಣ್ಣಿನ ರಾಶಿ. ಹಿಂದೆ ನಿಂತು ನೋಡುತ್ತಿದ್ದ ಅಮ್ಮ, “ಕಾಫಿ ಕೊಯ್ಯಲು ಇಂಥದ್ದೊಂದು ಸಿಗುತ್ತದೆಯೇ?” ಎಂದು ಕೇಳಿದರು.